ಊರಿನ ಮಣ್ಣು ಸುಟ್ಟು ಸಿಮೆಂಟ್ ಉಳಿಸುವ ಬಗೆ: ಗುಂಡಿಯಿಂದ ಕ್ಯೂಬ್‌ವರೆಗೆ

ಹಿತ್ತಲಿನ ಮಣ್ಣನ್ನು ಅಗೆದು, ಜರಡಿ ಹಿಡಿದು, ಹಾಗೆಯೇ ಸಿಮೆಂಟಿನ ಜೊತೆ ಕಲಸಿದರೆ ಸಿಮೆಂಟ್ ಉಳಿಯುವುದಿಲ್ಲ, ಕಾಂಕ್ರೀಟ್ ಕೆಡುತ್ತದೆ. ಹಸಿ ಮಣ್ಣು ವಿಪರೀತ ನೀರು ಕುಡಿಯುತ್ತದೆ. ಜಲ್ಲಿಯ ಮೈಗೆ ಪದರವಾಗಿ ಅಂಟಿಕೊಂಡು ಸಿಮೆಂಟ್ ಹಿಡಿಯದಂತೆ ಮಾಡುತ್ತದೆ. ಒಣಗುವಾಗ ಕುಗ್ಗಿ ಬಿರುಕು ತರಿಸುತ್ತದೆ. ಮರಳನ್ನು ಅಂಗೈಯಲ್ಲಿ ಉಜ್ಜಿದಾಗ ಕೆಂಪು ಅಂಟಿದರೆ ಅನುಭವಿ ಮೇಸ್ತ್ರಿ ಇಡೀ ಲೋಡನ್ನೇ ವಾಪಸು ಕಳಿಸುವುದು ಇದೇ ಕಾರಣಕ್ಕೆ.

ಸರಿಯಾದ ಮಣ್ಣನ್ನು ಹದವಾಗಿ ಸುಟ್ಟು, ಸಿಮೆಂಟಿನಷ್ಟೇ ನುಣ್ಣಗೆ ಪುಡಿ ಮಾಡಿದರೆ ಫಲ ಬೇರೆಯೇ ಆಗುತ್ತದೆ. ಇದು ನಮಗೆ ಹೊಸತೇನೂ ಅಲ್ಲ. ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣದ ಗಾರೆಗೆ ಬೆರೆಸುವ ಸುರ್ಕಿಯ ಕೆಲಸ ನಮ್ಮ ಹಳೆಯ ಬಾವಿ, ಕೆರೆಕಟ್ಟೆಗಳಲ್ಲಿದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದೂ ಸುರ್ಕಿ ಗಾರೆಯೇ. ಅದೇ ತತ್ವದ ಇಂದಿನ ರೂಪ ಎಲ್‌ಸಿ-3, ಅಂದರೆ ಸುಣ್ಣಕಲ್ಲು ಮತ್ತು ಸುಟ್ಟ ಜೇಡಿಮಣ್ಣು ಸೇರಿಸಿದ ಸಿಮೆಂಟ್. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಲೊಸಾನ್‌ನ ಇಪಿಎಫ್‌ಎಲ್, ಕ್ಯೂಬಾದ ಸಂಶೋಧಕರು, ನಮ್ಮ ದಿಲ್ಲಿ ಮತ್ತು ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ಇದಕ್ಕೆ 2023ರಲ್ಲಿ ಐಎಸ್ 18189 ಎಂಬ ಭಾರತೀಯ ಮಾನಕವೂ ಬಂದಿದೆ. ಅದರ ಪ್ರಸಿದ್ಧ ಹದದಲ್ಲಿ ಕ್ಲಿಂಕರ್ (ಸುಣ್ಣಕಲ್ಲು ಬೆರಕೆಯನ್ನು ಸುಟ್ಟು ಪಡೆಯುವ, ಸಿಮೆಂಟಿನ ಮೂಲವಾದ ಗಟ್ಟಿ ಉಂಡೆ) ಶೇ 50, ಸುಟ್ಟ ಮಣ್ಣು ಶೇ 30, ಸುಣ್ಣಕಲ್ಲಿನ ಪುಡಿ ಶೇ 15, ಜಿಪ್ಸಮ್ ಶೇ 5.

ಕಾರ್ಖಾನೆಯ ಆ ಸಿಮೆಂಟನ್ನು ಮನೆಯಲ್ಲಿ ತಯಾರಿಸಲು ಆಗುವುದಿಲ್ಲ. ಆದರೆ ಚೀಲದ ಸಿಮೆಂಟಿನಲ್ಲಿ ಐದನೇ ಒಂದು ಪಾಲನ್ನು ಊರಿನ ಸುಟ್ಟ ಮಣ್ಣಿನಿಂದ ತುಂಬಬಹುದು. ಈ ಬರಹ ಅಷ್ಟಕ್ಕೇ ಸೀಮಿತ.

ಸುಟ್ಟಾಗ ಮಣ್ಣಿಗೆ ಏನಾಗುತ್ತದೆ

ಜೇಡಿಮಣ್ಣಿನಲ್ಲಿ ನಮಗೆ ಬೇಕಾದ ಖನಿಜ ಕೆಯೊಲಿನೈಟ್. ಅದರ ಹರಳಿನೊಳಗೆ ನೀರು ರಾಸಾಯನಿಕವಾಗಿ ಸೇರಿಕೊಂಡಿರುತ್ತದೆ, ತೂಕದಲ್ಲಿ ಸುಮಾರು ಶೇ 14. ಬಿಸಿಲಿಗೆ ಹಾಕಿದರೆ ಈ ನೀರು ಹೋಗುವುದಿಲ್ಲ. 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊರಡಲು ಶುರುವಾಗಿ, 700ರ ಹೊತ್ತಿಗೆ ಪೂರ್ತಿ ಹೋಗುತ್ತದೆ. ನೀರು ಬಿಟ್ಟ ಹರಳಿನ ಚೌಕಟ್ಟು ಕುಸಿದು, ಯಾವುದರ ಜೊತೆಗಾದರೂ ಕೂಡಲು ಹಾತೊರೆಯುವ ಸ್ಥಿತಿಗೆ ಬರುತ್ತದೆ. ಸಿಮೆಂಟ್ ನೀರಿನೊಡನೆ ಗಟ್ಟಿಯಾಗುವಾಗ ಸುಣ್ಣ ಉಪ ಉತ್ಪನ್ನವಾಗಿ ಹೊರಬರುತ್ತದೆ. ಅದರಿಂದ ಬಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಸುಟ್ಟ ಮಣ್ಣು ಆ ಸುಣ್ಣವನ್ನು ಹಿಡಿದುಕೊಂಡು ಅದನ್ನೂ ಅಂಟಾಗಿ ಮಾರ್ಪಡಿಸುತ್ತದೆ.

ಬೆಂಕಿ ಹೆಚ್ಚಾದರೆ ಮಾತ್ರ ಕೆಲಸ ಕೆಟ್ಟಿತು. 900 ದಾಟಿ ಮೇಲೇರಿದಂತೆ ಅದು ಮತ್ತೆ ಹೊಸ ಹರಳುಗಳಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಬರಿಯ ಕೆಂಪು ಧೂಳು. ನಾನು ಮೊದಲ ಸಲ ಮಾಡಿದ ತಪ್ಪು ಇದೇ. ಪರಿಚಯದವರ ಇಟ್ಟಿಗೆ ಗೂಡಿನ ನಟ್ಟನಡುವೆ ನನ್ನ ಮಣ್ಣಿನ ಉಂಡೆಗಳನ್ನು ಇಡಿಸಿದ್ದೆ, ಚೆನ್ನಾಗಿ ಬೇಯಲಿ ಎಂಬ ಆಸೆಯಿಂದ. ಬೆರಳಲ್ಲಿ ತಟ್ಟಿದರೆ ಗಾಜಿನಂತೆ ಠಣ್ಣೆನ್ನುವ ಉಂಡೆಗಳು ಹೊರಬಂದವು. ನೋಡಲು ಬಹಳ ಚೆಂದ. ಪುಡಿ ಮಾಡಲು ಎರಡು ದಿನ ಹಿಡಿಯಿತು, ಸುಣ್ಣದ ಜೊತೆ ಕಲಸಿದರೆ ವಾರವಾದರೂ ಕೆಸರು ಕೆಸರಾಗಿಯೇ ಇತ್ತು. ಇಟ್ಟಿಗೆಗೆ ಒಳ್ಳೆಯದಾದ ಬೆಂಕಿ ಸುರ್ಕಿಗೆ ಒಳ್ಳೆಯದಲ್ಲ.

ಎಲ್ಲಿ ಬಳಸಬಹುದು, ಎಲ್ಲಿ ಕೂಡದು

ಅಂಗಳದ ನೆಲ, ಕಾಲುದಾರಿ, ನೆಲದಡಿಯ ಬೆಡ್ ಕಾಂಕ್ರೀಟ್, ಕಾಂಪೌಂಡಿನ ಸಾಲಿಡ್ ಬ್ಲಾಕ್, ಗಾರೆ, ಗಿಲಾವು: ಇವುಗಳಿಗೆ ಧೈರ್ಯವಾಗಿ ಬಳಸಿ. ಕಬ್ಬಿಣವಿರುವ ಕಂಬ, ತೊಲೆ, ಛಾವಣಿ, ನೀರಿನ ತೊಟ್ಟಿಗಳಿಗೆ ಸ್ವಂತ ತಯಾರಿಕೆಯ ಪುಡಿ ಹಾಕಬೇಡಿ. ಬಲದ ಪ್ರಶ್ನೆ ಒಂದು ಕಡೆಗಿರಲಿ. ಕಾಂಕ್ರೀಟಿನೊಳಗಿನ ಸುಣ್ಣವೇ ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಕ್ಷಾರ ಗುಣಕ್ಕೆ ಆಧಾರ. ಸುಟ್ಟ ಮಣ್ಣು ಅದನ್ನೇ ಖರ್ಚು ಮಾಡುವುದರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಗ್ಗುವ ವೇಗ ಹೆಚ್ಚಬಹುದು. ಇನ್ನೊಂದು ಕಡೆ, ಕಡಲ ಉಪ್ಪನ್ನು ಒಳಗೆ ಬಿಡದಂತೆ ತಡೆಯುವುದರಲ್ಲಿ ಒಳ್ಳೆಯ ಸುಟ್ಟ ಮಣ್ಣಿನ ಕಾಂಕ್ರೀಟ್ ಸಾದಾ ಕಾಂಕ್ರೀಟಿಗಿಂತ ಎಷ್ಟೋ ಮೇಲು. ಈ ಎರಡನ್ನೂ ತೂಗಿ ನೋಡುವುದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ, ನಮ್ಮದಲ್ಲ.

ಹಂತ 1: ಮಣ್ಣು ಹುಡುಕುವುದು

ಕರಾವಳಿಯವರು ಅದೃಷ್ಟವಂತರು. ಮುರಕಲ್ಲಿನ ಪಣೆಗಳಲ್ಲಿ ಕಲ್ಲು ಕಡಿದು ಮುಗಿದ ಮೇಲೆ ತಳದಲ್ಲಿ ಬಿಳಿ, ನಸುಗೆಂಪು, ಹಳದಿ ಪಟ್ಟೆಗಳ ಮೆತ್ತನೆಯ ಶೇಡಿಮಣ್ಣು ಸಿಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುವಂತೆ ಮಾಡುವ ಕುಖ್ಯಾತ ಮಣ್ಣು ಇದೇ. ಅಡಿಪಾಯದವರಿಗೆ ಅದು ತಲೆನೋವು, ನಮಗೆ ಮಾತ್ರ ಕೆಯೊಲಿನೈಟ್ ತುಂಬಿದ ಕಣಜ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿ, ಗುರುಪುರ ಹೊಳೆದಂಡೆಗಳ ಜೇಡಿಯನ್ನು ನಂಬಿಕೊಂಡು. ಆ ಜಾತಿಯ ಮಣ್ಣೂ ನಡೆಯುತ್ತದೆ.

ಮಲೆನಾಡು ಮತ್ತು ಹಳೆ ಮೈಸೂರಿನ ಕೆಂಪು ಮಣ್ಣಿನಲ್ಲಿ ಕೆಯೊಲಿನೈಟ್ ಇರುತ್ತದೆ, ಆದರೆ ಮರಳೂ ಕಬ್ಬಿಣದ ಅಂಶವೂ ಬಹಳ. ಮೇಲಿನ ಪದರ ಬಿಟ್ಟು ಆಳಕ್ಕೆ ಹೋದಷ್ಟೂ ಒಳ್ಳೆಯದು. ಕುಂಬಾರರು ಬಳಸುವ ಮಣ್ಣು ಊರಿಂದೂರಿಗೆ ಬೇರೆ, ಪರೀಕ್ಷೆ ಮಾಡದೆ ನಂಬುವಂತಿಲ್ಲ.

ಉತ್ತರ ಕರ್ನಾಟಕದ ಎರೆಮಣ್ಣು ಬೇಡ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಸುಟ್ಟರೂ ಅದರ ಚುರುಕು ಕೆಯೊಲಿನೈಟಿನ ಹತ್ತಿರಕ್ಕೂ ಬರುವುದಿಲ್ಲ. ಜೊತೆಗೆ ಸುಣ್ಣದ ಹರಳುಗಳ ಕಾಟ ಬೇರೆ. ಬಿಜಾಪುರ, ಧಾರವಾಡದ ಕಡೆಯವರು ಎರೆಗೆ ಬೆಂಕಿ ಹಚ್ಚಿ ಸೌದೆ ಕಳೆದುಕೊಳ್ಳುವ ಬದಲು ಹತ್ತಿರದ ಕೆಂಪು ಗುಡ್ಡಗಳ ಕಡೆ ನೋಡುವುದು ಲೇಸು.

ಎಲ್ಲಿಂದ ತೆಗೆದರೂ ಕನಿಷ್ಠ ಒಂದು ಮೀಟರ್ ಕೆಳಗಿನದು ಬೇಕು. ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತವೆ, ಅದು ಬೆಳೆಗೆ ಸೇರಿದ್ದು. ಸಾಧಾರಣ ಜೇಡಿಮಣ್ಣು ಕೂಡ ಕಾನೂನಿನ ಪ್ರಕಾರ ಉಪಖನಿಜ. ಪರೀಕ್ಷೆಗೆ ಒಂದು ಬುಟ್ಟಿ ತೆಗೆಯುವುದು ಬೇರೆ, ಲೋಡುಗಟ್ಟಲೆ ಸಾಗಿಸುವುದು ಬೇರೆ. ಎರಡನೆಯದಕ್ಕೆ ಮೊದಲೇ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ.

ಹಂತ 2: ಮನೆಯಲ್ಲೇ ಮಣ್ಣಿನ ಜಾತಕ

ಜಾಡಿ ಪರೀಕ್ಷೆ ಮೊದಲು. ಅಗಲ ಬಾಯಿಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ ಒಂದೆರಡು ತಾಸಿನಲ್ಲಿ, ಜೇಡಿ ಒಂದು ದಿನದ ನಂತರ. ಮರಳೇ ಅರ್ಧಕ್ಕಿಂತ ಹೆಚ್ಚಿದ್ದರೆ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಸಿದು, ತಂಗಲು ಬಿಟ್ಟು ಒಣಗಿಸಿಕೊಳ್ಳಬೇಕು. ಬೇಜಾರಿನ ಕೆಲಸ, ಆದರೆ ಕೆಂಪು ಮಣ್ಣಿನವರಿಗೆ ಬೇರೆ ದಾರಿ ಇಲ್ಲ.

ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಸುಣ್ಣಕಲ್ಲು ಇದೆ ಎಂದು ಅರ್ಥ. ಮುಂದಿನ ತೂಕದ ಲೆಕ್ಕ ಅಂಥ ಮಣ್ಣಿಗೆ ಹೊಂದುವುದಿಲ್ಲ.

ಈಗ ನಿಜವಾದ ಪರೀಕ್ಷೆ. ಇದಕ್ಕೆ ಉಷ್ಣತೆ ತೋರಿಸುವ ವಿದ್ಯುತ್ ಕುಲುಮೆ ಬೇಕು. ಸೆರಾಮಿಕ್ ಕಲಾವಿದರ ಬಳಿ, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇರುತ್ತದೆ. 110 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿದ 200 ಗ್ರಾಂ ಪುಡಿಮಣ್ಣನ್ನು ಮೊದಲು 350 ಡಿಗ್ರಿಯಲ್ಲಿ ಎರಡು ತಾಸು ಇಟ್ಟು ತೂಗಿ. ಸಾವಯವ ಕಸದ ಬಹುಪಾಲು ಮತ್ತು ಕಬ್ಬಿಣದ ಖನಿಜಗಳ ನೀರು ಇಲ್ಲಿಯೇ ಹೋಗಿರುತ್ತವೆ. ಆಮೇಲೆ 700 ಡಿಗ್ರಿಯಲ್ಲಿ ಎರಡು ತಾಸು ಇಟ್ಟು ಮತ್ತೆ ತೂಗಿ. ಉದಾಹರಣೆಗೆ ಮೊದಲ ತೂಕ 194 ಗ್ರಾಂ, ಎರಡನೆಯದು 178 ಗ್ರಾಂ ಬಂತೆನ್ನಿ. ನಡುವೆ ಕಳೆದದ್ದು 16 ಗ್ರಾಂ, ಅಂದರೆ 200ಕ್ಕೆ ಶೇ 8. ಶುದ್ಧ ಕೆಯೊಲಿನೈಟ್ ಶೇ 14 ಕಳೆದುಕೊಳ್ಳುತ್ತದೆ, ಆದ್ದರಿಂದ 8ನ್ನು 14ರಿಂದ ಭಾಗಿಸಿ: ಸುಮಾರು ಶೇ 57 ಕೆಯೊಲಿನೈಟ್. ಎಲ್‌ಸಿ-3 ಮಾಡುವವರು ಕನಿಷ್ಠ ಶೇ 40 ಇರಬೇಕೆನ್ನುತ್ತಾರೆ, ನೀವೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ಲೆಕ್ಕ ಒರಟು, ಆದರೆ ಕೆಟ್ಟ ಮಣ್ಣನ್ನು ಬಾಗಿಲಲ್ಲೇ ತಡೆಯಲು ಸಾಕು.

ಹಂತ 3: ಸುಡುವುದು

ಮಣ್ಣನ್ನು ಕಲಸಿ ಅಡಿಕೆ ಗಾತ್ರದ ಉಂಡೆ ಮಾಡಿ, ಬಿಸಿಲಿನಲ್ಲಿ ಕಟಕಟ ಒಣಗಿಸಿ. ದೊಡ್ಡ ಉಂಡೆಯ ಹೊರಮೈ ಬೆಂದರೂ ಒಳಗೆ ಹಸಿ ಉಳಿಯುತ್ತದೆ. ಒಳಗೆ ತೇವವಿದ್ದರೆ ಉಗಿಯ ಒತ್ತಡಕ್ಕೆ ಸಿಡಿಯುತ್ತದೆ.

ಗುರಿ 700ರಿಂದ 800 ಡಿಗ್ರಿ. ವಿದ್ಯುತ್ ಕುಲುಮೆಯಾದರೆ 200 ಡಿಗ್ರಿವರೆಗೆ ನಿಧಾನವಾಗಿ ಏರಿಸಿ, ಆಮೇಲೆ ತಾಸಿಗೆ ಸುಮಾರು 100 ಡಿಗ್ರಿಯಂತೆ 750ಕ್ಕೆ ತಂದು ಒಂದು ತಾಸು ಹಿಡಿಯಿರಿ. ಒತ್ತಾಗಿ ತುಂಬಿದ್ದರೆ ಎರಡು ತಾಸು.

ಹೆಚ್ಚು ಪ್ರಮಾಣಕ್ಕೆ ನನ್ನ ಆಯ್ಕೆ ಕುಂಬಾರರ ಆವಿಗೆ. ಮಡಕೆ ಬೇಯುವ ಬೆಂಕಿ ಸಾಮಾನ್ಯವಾಗಿ ನಮಗೆ ಬೇಕಾದ ಶಾಖದ ಆಸುಪಾಸಿನಲ್ಲೇ ಇರುತ್ತದೆ. ಸಂಜೆಗತ್ತಲಲ್ಲಿ ಉಂಡೆಗಳ ಬಣ್ಣ ನೋಡಿ: ಮಂಕು ಕೆಂಪು ಬಂದರೆ 650 ಸಮೀಪ, ಮಾಗಿದ ಚೆರ್ರಿ ಹಣ್ಣಿನ ಕೆಂಪಾದರೆ 750ರಿಂದ 800, ಕಿತ್ತಳೆ ಬಣ್ಣ ಕಂಡರೆ ಅತಿಯಾಯಿತು. ಕಣ್ಣನ್ನು ನಂಬದವರು ಶಾಖ ಅಳೆಯುವ ತಂತಿಯಾದ ಕೆ-ಮಾದರಿಯ ಥರ್ಮೋಕಪಲ್ ಒಂದನ್ನು ಉಂಡೆಗಳ ನಡುವೆ ಇಡಬಹುದು. ಇಟ್ಟಿಗೆ ಗೂಡಿನಲ್ಲಾದರೆ ನಡುವಿನ ಜಾಗ ಬಿಟ್ಟು ಹೊರಸಾಲಿನಲ್ಲಿ ಇಡಿಸಿ.

ಬೆಂದಿದೆಯೇ ಎಂದು ತಿಳಿಯಲು ನಾಲ್ಕಾರು ಉಂಡೆಗಳನ್ನು ಒಡೆದು ನೀರಿಗೆ ಹಾಕಿ. ಮರುದಿನ ಬೆರಳಲ್ಲಿ ಹಿಸುಕಿದರೆ ಮತ್ತೆ ಅಂಟುಮಣ್ಣಾದರೆ ಬೆಂದಿಲ್ಲ. ಹಾಗೆಯೇ ಉಳಿದು, ಒಣಗಿದಾಗ ಉಗುರಿಗೆ ಗೀರು ಬೀಳುವಷ್ಟು ಮೃದುವಾಗಿದ್ದರೆ ಸರಿಯಾದ ಹದ. ಕಲ್ಲಿನಂತೆ ಗಟ್ಟಿಯಾಗಿದ್ದರೆ ನನ್ನ ಮೊದಲ ಸಲದ ಕಥೆ.

ಇದಕ್ಕೆಂದೇ ಹಸಿಮರ ಕಡಿದು ಸುಟ್ಟರೆ ಇಂಗಾಲದ ಲೆಕ್ಕ ತಲೆಕೆಳಗಾಗುತ್ತದೆ. ಕ್ಲಿಂಕರ್ ಬೇಯಲು 1450 ಡಿಗ್ರಿ ಬೇಕು, ಮೇಲಾಗಿ ಸುಣ್ಣಕಲ್ಲು ಒಡೆಯುವಾಗ ಅದರ ಒಡಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮಣ್ಣು ಬೇಯುವಾಗ ಹೊರಬರುವುದು ನೀರಾವಿ. ಆ ಲಾಭ ಉಳಿಯಬೇಕಾದರೆ ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಹೇಗೂ ಉರಿಯುತ್ತಿರುವ ಆವಿಗೆಯ ಶಾಖ, ಇಂಥವನ್ನೇ ನೆಚ್ಚಬೇಕು.

ಒಡೆದ ಮಂಗಳೂರು ಹೆಂಚು, ಅರೆಬೆಂದ ಇಟ್ಟಿಗೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಆಗಬಹುದು, ಬೆಂಕಿಯ ಖರ್ಚೂ ಇಲ್ಲ. ಹೆಂಚು ನಮಗೆ ಬೇಕಾದುದಕ್ಕಿಂತ ಹೆಚ್ಚು ಬೆಂದಿರುವ ಸಂಭವವಿದೆ. ಐದನೇ ಹಂತದ ಪರೀಕ್ಷೆಯಲ್ಲಿ ಪಾಸಾದರೆ ಬಳಸಿ.

ಹಂತ 4: ಪುಡಿ ಮಾಡುವುದು

ಅತಿ ಹೆಚ್ಚು ಜನ ಸೋಲುವ ಹಂತ ಇದು. ಕೈಗೆ ನುಣ್ಣಗೆ ಕಂಡರೆ ಸಾಲದು, 90 ಮೈಕ್ರಾನ್ ಜರಡಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಾದರೂ ಇಳಿಯಬೇಕು. ಸಿಮೆಂಟಿಗೂ ಅದೇ ಅಳತೆ. ಒರಟು ಪುಡಿ ಬರಿಯ ಮರಳಿನ ಕೆಲಸ ಮಾಡುತ್ತದೆ.

ಬಾಲ್ ಮಿಲ್, ಅಂದರೆ ಒಳಗೆ ಗುಂಡುಗಳು ಉರುಳುತ್ತಾ ಪುಡಿ ಮಾಡುವ ತಿರುಗುವ ಪೀಪಾಯಿ, ಇದ್ದರೆ ಉತ್ತಮ. ಸೆರಾಮಿಕ್ ಘಟಕಗಳಲ್ಲಿ, ಖನಿಜ ಪುಡಿ ಮಾಡುವ ಗಿರಣಿಗಳಲ್ಲಿ ಇರುತ್ತದೆ. ಖಾರದಪುಡಿ ಗಿರಣಿಯ ಯಜಮಾನರನ್ನು ನಾನೊಮ್ಮೆ ಕೇಳಿದ್ದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ, ನೀವು ಕೇಳಬೇಡಿ. ಸ್ವಲ್ಪವೇ ಸಾಕಾದರೆ ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಕುಟ್ಟಿ.

ಈ ಧೂಳಿನಲ್ಲಿ ಸಿಲಿಕಾ ಇದೆ. ವರ್ಷಾನುಗಟ್ಟಲೆ ಒಳಹೊಕ್ಕರೆ ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಳ್ಳುವುದು ಸಾಲದು, ಎನ್95 ಮುಖಗವಸು ಬೇಕೇ ಬೇಕು. ಪುಡಿಯನ್ನು ಸಿಮೆಂಟಿನಂತೆಯೇ ಒಣಜಾಗದಲ್ಲಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಇಡಿ.

ಹಂತ 5: ಮೂರು ಡಬ್ಬಿಗಳ ಪರೀಕ್ಷೆ

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಸುಳ್ಳು ಹೇಳುವುದು ಅಪರೂಪ.

ಹೊಸದಾಗಿ ಅರಳಿಸಿದ ಸುಣ್ಣದ ಪುಡಿ ತನ್ನಿ. ಗಾಳಿಗೆ ಬಿದ್ದು ಹಳತಾದ ಸುಣ್ಣ ಬೇಡ. ಮುಚ್ಚಳ ಬಿಗಿಯಾಗಿ ಕೂರುವ ಮೂರು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಮೊದಲನೆಯದಕ್ಕೆ ತೂಕದಲ್ಲಿ ಒಂದು ಪಾಲು ಸುಣ್ಣ, ಎರಡು ಪಾಲು ಸುಟ್ಟ ಮಣ್ಣಿನ ಪುಡಿ. ಎರಡನೆಯದಕ್ಕೆ ಒಂದು ಪಾಲು ಸುಣ್ಣ, ಎರಡು ಪಾಲು ಅದೇ ಮಣ್ಣು, ಆದರೆ ಸುಡದೆ ಇರುವುದು. ಮೂರನೆಯದಕ್ಕೆ ಬರಿಯ ಸುಣ್ಣ. ಎಲ್ಲವನ್ನೂ ಚಪಾತಿ ಹಿಟ್ಟಿನ ಹದಕ್ಕೆ ನೀರಲ್ಲಿ ಕಲಸಿ, ಗಾಳಿ ಉಳಿಯದಂತೆ ಒತ್ತಿ ತುಂಬಿ, ಮುಚ್ಚಿ, ಏಳು ದಿನ ಬೆಚ್ಚನೆಯ ಜಾಗದಲ್ಲಿ ಇಡಿ. ಕೈಗವಸು ಮರೆಯಬೇಡಿ, ಸುಣ್ಣ ಚರ್ಮ ಸುಡುತ್ತದೆ.

ಮುಚ್ಚಳ ಬಿಗಿ ಇರಬೇಕೆನ್ನುವುದಕ್ಕೆ ಕಾರಣವಿದೆ. ತೆರೆದಿಟ್ಟರೆ ಬರಿಯ ಸುಣ್ಣವೂ ಗಾಳಿ ಕುಡಿದು ಗಟ್ಟಿಯಾಗುತ್ತದೆ, ಆಗ ಮಣ್ಣಿನ ಸಾಮರ್ಥ್ಯ ಗೊತ್ತಾಗುವುದಿಲ್ಲ. ಎಂಟನೇ ದಿನ ಮೂರನ್ನೂ ಹೊರತೆಗೆದು ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಎರಡನೆಯದೂ ಮೂರನೆಯದೂ ಮೆತ್ತಗಾಗಿ ಕರಗಬೇಕು. ಮೊದಲನೆಯದು ನೀರಿನಲ್ಲೂ ಗಟ್ಟಿಯಾಗಿ ನಿಂತು, ಬೆರಳೊತ್ತಿಗೆ ಬಗ್ಗದೆ, ಮೊಳೆಯಿಂದ ಕೆರೆದರಷ್ಟೇ ಗೀರು ಬಿದ್ದರೆ ನಿಮ್ಮ ಮಣ್ಣು ಗೆದ್ದಿತು. ಮೊದಲನೆಯದೂ ಕರಗಿದರೆ ಸುಡುವಿಕೆಗೆ ಅಥವಾ ಗುಂಡಿಗೆ ಹಿಂದಿರುಗಿ. ಕಾಂಕ್ರೀಟಿನ ಕಡೆ ಹೆಜ್ಜೆ ಇಡಬೇಡಿ. ಇದನ್ನೇ ಅಂಕಿಗಳಲ್ಲಿ ಹೇಳಬಲ್ಲ ಸುಣ್ಣ-ಪ್ರತಿಕ್ರಿಯೆಯ ಪರೀಕ್ಷೆ ಐಎಸ್ 1727 ಎಂಬ ಭಾರತೀಯ ಮಾನಕದಲ್ಲಿದೆ. ವ್ಯಾಪಾರಕ್ಕೆ ಬ್ಲಾಕ್ ಮಾಡುವವರು ಪ್ರಯೋಗಾಲಯದಲ್ಲಿ ಅದನ್ನು ಮಾಡಿಸಲೇಬೇಕು.

ಹಂತ 6: ಬೆರಕೆ

ಚೀಲ ಕೊಳ್ಳುವಾಗ ಮೇಲಿನ ಅಕ್ಷರ ಓದಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಚೀಲದಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟ ನುಣ್ಣನೆಯ ಬೂದಿ, ಈಗಾಗಲೇ ಸೇರಿರುತ್ತದೆ. ಸುಣ್ಣ ಹಿಡಿಯುವ ಕೆಲಸವನ್ನು ಅದೇ ಮಾಡುತ್ತಿರುತ್ತದೆ. ಅದರ ಮೇಲೆ ನಿಮ್ಮ ಮಣ್ಣು ಹಾಕಿದರೆ ಇಬ್ಬರಿಗೂ ಊಟ ಸಾಲದು. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟಿಗೂ ಇದೇ ಮಾತು. ಕೇಳಿ ಓಪಿಸಿಯನ್ನೇ, ಅಂದರೆ ಬೂದಿ, ಕಿಟ್ಟ ಬೆರೆಸದ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟನ್ನೇ ತನ್ನಿ, 43 ಅಥವಾ 53 ದರ್ಜೆಯದು.

ಬಾಂಡ್ಲಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸುಟ್ಟ ಮಣ್ಣಿನ ಪುಡಿ ಸಿಮೆಂಟಿಗಿಂತ ಹಗುರ, ಒಂದು ಬಾಂಡ್ಲಿಗೆ ಒಂದು ಬಾಂಡ್ಲಿ ಎಂದರೆ ತೂಕ ತಪ್ಪುತ್ತದೆ. ತಕ್ಕಡಿ ಇಟ್ಟುಕೊಳ್ಳಿ. ಎಂ15 ದರ್ಜೆಯ (28 ದಿನಕ್ಕೆ 15 ಮೆಗಾಪಾಸ್ಕಲ್ ಒತ್ತಡ ತಡೆಯುವ) ಕಾಂಕ್ರೀಟಿಗೆ ಒಂದು ಸಲದ ಹದ ಹೀಗೆ: ಓಪಿಸಿ 40 ಕಿಲೋ, ಸುಟ್ಟ ಮಣ್ಣು 10 ಕಿಲೋ, ಎಂ-ಸ್ಯಾಂಡ್ 110 ಕಿಲೋ, 20 ಮಿಲಿಮೀಟರ್ ಜಲ್ಲಿ 220 ಕಿಲೋ, ನೀರು ಹೆಚ್ಚೆಂದರೆ 32 ಲೀಟರ್. ಮರಳು ಒದ್ದೆಯಾಗಿದ್ದರೆ ಅದರ ನೀರೂ ಈ ಲೆಕ್ಕಕ್ಕೇ ಸೇರಿತು.

ಮೊದಲು ಸಿಮೆಂಟನ್ನೂ ಮಣ್ಣಿನ ಪುಡಿಯನ್ನೂ ಒಣದಾಗಿ, ಬಣ್ಣದಲ್ಲಿ ಒಂದೂ ಗೆರೆ ಕಾಣದಂತೆ ಬೆರೆಸಿ. ಆಮೇಲೆ ಮರಳು, ಜಲ್ಲಿ, ಕೊನೆಗೆ ನೀರು. ಕಲಸಿದ್ದು ಬಿಗಿಯಾಗಿ ಕಾಣುತ್ತದೆ, ಆಗ ಕೆಲಸಗಾರರ ಕೈ ತಾನಾಗಿ ನೀರಿನ ಕೊಳವೆಯ ಕಡೆ ಹೋಗುತ್ತದೆ. ತಡೆಯಿರಿ. ಹೆಚ್ಚಿಗೆ ಸುರಿದ ನೀರು ಇಷ್ಟು ದಿನದ ಶ್ರಮವನ್ನೆಲ್ಲ ತೊಳೆದುಬಿಡುತ್ತದೆ. ಬದಲಿಗೆ, ನೀರು ಹೆಚ್ಚಿಸದೆಯೇ ಕಾಂಕ್ರೀಟನ್ನು ಸಡಿಲಗೊಳಿಸುವ ಸೂಪರ್ ಪ್ಲಾಸ್ಟಿಸೈಸರ್ ದ್ರವವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ನೀರಿಗೆ ಸೇರಿಸಿ.

ನುಣ್ಣನೆಯ ಸುಣ್ಣಕಲ್ಲಿನ ಪುಡಿ ಸಿಗುವವರು 10 ಕಿಲೋ ಮಣ್ಣಿಗೆ 5 ಕಿಲೋ ಸುಣ್ಣಕಲ್ಲು ಸೇರಿಸಿ, ಓಪಿಸಿಯನ್ನು 35 ಕಿಲೋಗೆ ಇಳಿಸಿ ನೋಡಬಹುದು. ಅರಳಿಸಿದ ಸುಣ್ಣ ಅಲ್ಲ, ಸುಡದ ಸುಣ್ಣಕಲ್ಲು. ಅದಕ್ಕಿಂತ ಮುಂದೆ ಹೋಗಬೇಡಿ. ಆ ಹಂತದಲ್ಲಿ ಜಿಪ್ಸಮ್ ಪ್ರಮಾಣವನ್ನೂ ಸರಿಹೊಂದಿಸಬೇಕಾಗುತ್ತದೆ, ಅದು ಪ್ರಯೋಗಾಲಯದ ಕೆಲಸ.

ಉಳಿಯುವುದು ಎಷ್ಟು? 10 ಅಡಿಗೆ 10 ಅಡಿ ಅಂಗಳಕ್ಕೆ 4 ಇಂಚು ದಪ್ಪ ಹಾಕಿದರೆ ಸಿಮೆಂಟ್ ಹೆಚ್ಚುಕಡಿಮೆ ಐದೂವರೆ ಚೀಲ ಬೇಕು, ಅದರಲ್ಲಿ ಉಳಿಯುವುದು ಒಂದು ಚೀಲಕ್ಕಿಂತ ತುಸು ಹೆಚ್ಚು. ಒಂದು ಅಂಗಳಕ್ಕಾಗಿ ಇಷ್ಟೆಲ್ಲ ಮಾಡಿದರೆ ಮನೆಯವರು ನಗುತ್ತಾರೆ, ನಗುವುದು ನ್ಯಾಯವೂ ಹೌದು. ದಿನವೂ ಬ್ಲಾಕ್ ಒತ್ತುವ ಘಟಕದವರಿಗೆ, ಪಕ್ಕದಲ್ಲೇ ಆವಿಗೆಯೂ ಶೇಡಿಮಣ್ಣೂ ಇರುವವರಿಗೆ ಲೆಕ್ಕ ಬೇರೆಯಾಗುತ್ತದೆ.

ಹಂತ 7: ನೀರುಣಿಸುವುದು

ಸುಟ್ಟ ಮಣ್ಣಿನ ಪ್ರತಿಕ್ರಿಯೆ ನಡೆಯುವುದು ತೇವವಿದ್ದಾಗ ಮಾತ್ರ. ಸಾದಾ ಓಪಿಸಿ ಕಾಂಕ್ರೀಟಿಗೆ ಐಎಸ್ 456 ಎಂಬ ಕಾಂಕ್ರೀಟಿನ ಭಾರತೀಯ ಮಾನಕ ಕನಿಷ್ಠ 7 ದಿನ ಕ್ಯೂರಿಂಗ್ (ನೀರುಣಿಸುವುದು) ಹೇಳುತ್ತದೆ, ಇಂಥ ಬೆರಕೆಗೆ 10 ದಿನ. ನಮ್ಮ ಬೇಸಿಗೆಗೆ 14 ದಿನ ಎಂದೇ ಇಟ್ಟುಕೊಳ್ಳಿ. ಗೋಣಿಚೀಲ ಹೊದಿಸಿ ಸದಾ ಒದ್ದೆಯಾಗಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಮುಕಿಸಿ ನಡುಹಗಲು ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ.

ಹಂತ 8: ಕ್ಯೂಬ್ ಒಡೆಸುವುದು

ಕ್ಯೂಬ್ ಎಂದರೆ ಬಲ ಪರೀಕ್ಷೆಗೆಂದು ಎರಕ ಹೊಯ್ದ ಕಾಂಕ್ರೀಟಿನ ಚೌಕ ಗಟ್ಟಿ; ಪ್ರಯೋಗಾಲಯದ ಯಂತ್ರದಲ್ಲಿ ಒತ್ತಿ ಅದನ್ನು ಒಡೆಸುತ್ತಾರೆ. ಅಂಗಳಕ್ಕೆ ಸುರಿಯುವ ಮೊದಲೇ ಮಾಡಬೇಕಾದ್ದು ಇದು. ಬೆರಕೆಯ ಲೆಕ್ಕ ತಿಳಿಯದೆ ಕ್ಯೂಬ್ ಹಾಕಲಾಗದು ಎಂಬ ಕಾರಣಕ್ಕೆ ಕೊನೆಯಲ್ಲಿ ಬರೆದಿದ್ದೇನೆ. 150 ಮಿಲಿಮೀಟರ್ ಅಚ್ಚಿನಲ್ಲಿ ಆರು ಕ್ಯೂಬ್ ಬರಿಯ ಓಪಿಸಿಯದು, ಆರು ಮಣ್ಣು ಬೆರೆಸಿದ್ದು. ಪ್ರತಿ ಆರಕ್ಕೆ 8 ಕಿಲೋ ಸಿಮೆಂಟ್ ಸಾಕು. ಬೆರಕೆಯದಾದರೆ 6.4 ಕಿಲೋ ಓಪಿಸಿ, 1.6 ಕಿಲೋ ಮಣ್ಣು. ಜೊತೆಗೆ 17.6 ಕಿಲೋ ಮರಳು, 35.2 ಕಿಲೋ ಜಲ್ಲಿ, 5.1 ಲೀಟರ್ ನೀರು. ಎರಡಕ್ಕೂ ನೀರು ಒಂದೇ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಹಾಕಿ.

7ನೇ ದಿನ ಮೂರು ಮೂರು, 28ನೇ ದಿನ ಮೂರು ಮೂರು ಒಡೆಸಿ. 7ನೇ ದಿನ ಮಣ್ಣಿನದು ಹಿಂದುಳಿದರೆ ಗಾಬರಿ ಬೇಡ, ಕೆಯೊಲಿನೈಟ್ ಕಡಿಮೆಯಿರುವ ಮಣ್ಣುಗಳ ಸ್ವಭಾವವೇ ಅದು. 28ನೇ ದಿನ ಬರಿಯ ಓಪಿಸಿಯ ಬಲದ ಶೇ 85 ಆದರೂ ಬರಬೇಕು, ಮತ್ತು ಯಾವ ಕ್ಯೂಬೂ 15 ಮೆಗಾಪಾಸ್ಕಲ್‌ಗಿಂತ ಕೆಳಗಿಳಿಯಬಾರದು. ಈ ಗೆರೆ ನಾನು ಹಾಕಿಕೊಂಡದ್ದು. ಅಲ್ಲಿಗೆ ಮುಟ್ಟದಿದ್ದರೆ ಮಣ್ಣನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿ ಮತ್ತೆ ಹಾಕುತ್ತೇನೆ. ಆಗಲೂ ಆಗದಿದ್ದರೆ ಆ ಗುಂಡಿಯನ್ನೇ ಮುಚ್ಚುತ್ತೇನೆ.

ಕ್ಯೂಬ್ ಮೇಲೆ ಅಳಿಸದ ಬಣ್ಣದಲ್ಲಿ ತಾರೀಖು, ಗುಂಡಿಯ ಗುರುತು, ಸುಟ್ಟ ದಿನ ಬರೆಯಿರಿ. ಪ್ರಯೋಗಾಲಯಕ್ಕೆ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗಿ. ಒಂದೇ ಪಣೆಯಲ್ಲಿ ಹತ್ತು ಅಡಿ ಆಚೆ ಶೇಡಿಯ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾದ ದಿನ ಮತ್ತೆ ಮೂರು ಡಬ್ಬಿ ಹೊರತೆಗೆಯಬೇಕು.